ಹಾಯಿದೋಣಿಯಿಂದ ನೀರಿನ ಬಾಟಲಿ ಇಳಿಸಿದ ಕತೆ

ಮುಂಬೈ ಬಂದರಿನಲ್ಲಿ ಹಾಯಿದೋಣಿ ಬಿಡುವ ಕಾಲ ಅಂದರೆ ಹೆಚ್ಚುಕಮ್ಮಿ ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡಕ್ಕೆ ಎತ್ತಿ ಇಡುತ್ತಾರೆ. ಕೆಲಸಕ್ಕೆಂದು ಈ ಊರಿಗೆ ಬಂದು ಇಲ್ಲೇ ಉಳಿದವನು ನಾನು. ವಾರಾಂತ್ಯದಲ್ಲಿ ಜೆ-24 ಅನ್ನುವ ಚಿಕ್ಕ ಕೀಲ್ ಬೋಟಿನಲ್ಲಿ (ಮಗುಚದಂತೆ ಅಡಿಯಲ್ಲಿ ಭಾರದ ರೆಕ್ಕೆ ಇರುವ ಹಾಯಿದೋಣಿ) ಹೋಗುವ ಐದು ಜನರ ತಂಡದಲ್ಲಿದ್ದೇನೆ. ಹಾಯಿಯ ಹಗ್ಗ ಎಳೆಯುವುದರ ಜೊತೆಗೆ ಕುಡಿಯುವ ನೀರಿನ ಉಸ್ತುವಾರಿಯೂ ನನ್ನ ತಲೆಗೇ ಬಂತು. ಆಗ ಶುರುವಾಯಿತು ಈ ಪ್ಲಾಸ್ಟಿಕ್ ಬಾಟಲಿ ಬಿಡಿಸುವ ಕೆಲಸ.

ಲೆಕ್ಕ ಸುಲಭ. ಬಿಸಿಲಲ್ಲಿ ಹಗ್ಗ ಎಳೆಯುವವನಿಗೆ ಗಂಟೆಗೆ ಅರ್ಧ ಲೀಟರ್ ನೀರು ಬೇಕು. ನಾಲ್ಕು ಗಂಟೆ, ಐದು ಜನ ಅಂದರೆ 10 ಲೀಟರ್. ಅರ್ಧ ಲೀಟರ್ ಬಾಟಲಿ ತಂದರೆ 20 ಬಾಟಲಿ. ಒಂದೇ ದೋಣಿಯ ಒಂದೇ ಮಧ್ಯಾಹ್ನಕ್ಕೆ ಇಷ್ಟು.

ಸಮುದ್ರಕ್ಕೆ ಬೇಕೆಂದೇ ಬಾಟಲಿ ಎಸೆಯುವ ಹಾಯಿಗಾರರನ್ನು ನಾನು ನೋಡಿದ್ದು ಕಮ್ಮಿ. ಎಸೆಯಲೂಬಾರದು. ಹಡಗುಗಳಿಂದ ಸಮುದ್ರ ಕೆಡುವುದನ್ನು ತಡೆಯುವ ಅಂತಾರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಕೊನೆಯಿಂದ ಜಾರಿಯಲ್ಲಿದೆ. ಹಡಗಾಗಲಿ, ಪುಟ್ಟ ದೋಣಿಯಾಗಲಿ, ಸಮುದ್ರದ ಯಾವ ಭಾಗದಲ್ಲೂ ಪ್ಲಾಸ್ಟಿಕ್ ಹಾಕುವಂತಿಲ್ಲ. ರೇಸಿನ ಅಂತಾರಾಷ್ಟ್ರೀಯ ನಿಯಮಗಳೂ ಕಸ ಹಾಕಬೇಡಿ ಅನ್ನುತ್ತವೆ. ಆದರೆ ಕೈತಪ್ಪಿ ಹೋಗುವುದೇ ಬೇರೆ. ಮಧ್ಯಾಹ್ನ ವಾಯುವ್ಯದ ಗಾಳಿ ಏಳುತ್ತದೆ, ದೋಣಿ ಒಂದು ಬದಿಗೆ ವಾಲುತ್ತದೆ. ನಾವು ಕೂರುವ ಕಾಕ್‌ಪಿಟ್‌ನಲ್ಲಿ ಬಿದ್ದಿದ್ದ ಖಾಲಿ ಬಾಟಲಿ ಉರುಳುತ್ತದೆ. ದಿಕ್ಕು ಬದಲಿಸುವ ಗಡಿಬಿಡಿಯಲ್ಲಿ ಎಲ್ಲರ ಕೈಯಲ್ಲೂ ಹಗ್ಗ. ಬಾಟಲಿ ಹಿಡಿಯೋರು ಯಾರು? ಮುಚ್ಚಳವಂತೂ ಹೋಗಿದ್ದೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಇದೆ. ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳ ಹಾಕಿದ ಖಾಲಿ ಬಾಟಲಿ ಒಳಗಿನ ಗಾಳಿಯಿಂದ ತೇಲುತ್ತದೆ. ಮುಚ್ಚಳ ಇಲ್ಲದ್ದು ನೀರು ತುಂಬಿ ಮುಳುಗುತ್ತದೆ. ಮಳೆಗಾಲದ ದೊಡ್ಡ ಅಲೆಗಳು ಮರೀನ್ ಡ್ರೈವ್ ಮೇಲೆ ತಂದು ಸುರಿಯುವ ಕಸದಲ್ಲಿ ನಮಗೆ ಕಾಣುವುದು ತೇಲಿದ್ದು ಮಾತ್ರ.

ಮೊದಮೊದಲು ಎಲ್ಲರಿಗೂ ಹೊಳೆಯುವುದು ಪೋಸ್ಟರ್, ಪ್ರತಿಜ್ಞೆ, ಹೆಸರು ಅಚ್ಚು ಹಾಕಿಸಿದ ಬಾಟಲಿ ಹಂಚುವುದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಜನ ಬಾಟಲಿ ಕೊಳ್ಳುವುದು ಪ್ಲಾಸ್ಟಿಕ್ ಮೇಲಿನ ಪ್ರೀತಿಯಿಂದಲ್ಲ. ಜೆಟ್ಟಿ ಹತ್ತಿರ ತಣ್ಣಗಿರುವ ನೀರು ಬಾಟಲಿಯಲ್ಲಿ ಮಾತ್ರ ಸಿಗುತ್ತದೆ, ಅಷ್ಟೇ. ಮನೆಯಿಂದ ತುಂಬಿಸಿಕೊಂಡು ಬಂದ ನೀರು ಲೋಕಲ್ ಟ್ರೈನ್‌ನಲ್ಲಿ ಬರುವಷ್ಟರಲ್ಲಿ ಅರ್ಧ ಖಾಲಿ, ಉಳಿದಿದ್ದು ಬಿಸಿ. ಹಾಗಾಗಿ ನಾನು ಶುರು ಮಾಡಿದ್ದು ದಡದಿಂದ. ದೋಣಿ ಹತ್ತುವ ಜಾಗದಲ್ಲಿ 20 ಲೀಟರಿನ ಕ್ಯಾನ್ ನೀರು, ಪಕ್ಕದಲ್ಲಿ ಐಸ್ ತುಂಬಿದ ಡಬ್ಬಿ. ಕ್ಯಾನ್ ಸೀಲ್ ಎಲ್ಲರೆದುರೇ ಒಡೆಯುತ್ತೇನೆ. ಇದು ನಾಟಕ ಅನ್ನಿಸಬಹುದು. ಆದರೆ ಊರಿನ ನೀರಿನ ಮೇಲೆ ಅನುಮಾನ ಇರುವವರಿಗೆ ಬೇಕಾಗಿದ್ದು ಅದೇ. ಕ್ಯಾನ್ ಕೂಡ ಪ್ಲಾಸ್ಟಿಕ್ಕೇ ಅಲ್ವಾ ಅಂತ ಕೇಳುವವರು ಇದ್ದಾರೆ. ಹೌದು, ಆದರೆ ಅದು ಅಂಗಡಿಗೆ ವಾಪಸ್ ಹೋಗಿ ಮತ್ತೆ ತುಂಬಿ ಬರುತ್ತದೆ. ದೋಣಿ ಹತ್ತುವುದೂ ಇಲ್ಲ.

ದೋಣಿಗೆ ಹತ್ತುವುದು ಸ್ಟೀಲ್ ಬಾಟಲಿ. ಎರಡು ಗೋಡೆ ಇರುವಂಥದ್ದು, ಒಂದು ಲೀಟರಿನದು, ಅಗಲ ಬಾಯಿಯದು. ಬಾಯಿ ಸಣ್ಣದಿದ್ದರೆ ಐಸ್ ಹೋಗುವುದಿಲ್ಲ. ಎಲ್ಲರಿಗೂ ಒಂದೊಂದು, ಜೊತೆಗೆ ತಂಡಕ್ಕೆಲ್ಲ ಐದು ಲೀಟರಿನ ಒಂದು ಜಗ್ಗು. ಸ್ಟೀಲಿನದೂ ತೊಂದರೆಗಳಿವೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಿದ್ದರೆ ಡೆಕ್‌ನ ಜೆಲ್‌ಕೋಟ್, ಅಂದರೆ ಮೇಲಿನ ನುಣುಪು ಲೇಪ, ಚಕ್ಕೆ ಏಳುತ್ತದೆ. ನೀರಿಗೆ ಬಿತ್ತೋ, ತುಂಬಿದ ಬಾಟಲಿ ನೇರ ತಳಕ್ಕೆ. ಹಳೇ ಹಾಯಿಯ ಬಟ್ಟೆಯಿಂದ ಚೀಲ ಹೊಲಿಸಿದೆ. ತಳಕ್ಕೆ ಹಳೇ ಯೋಗ ಮ್ಯಾಟಿನ ತುಂಡು, ಕತ್ತಿಗೆ ಒಂದು ಗೇಣು ಹಗ್ಗ, ಹಗ್ಗದ ತುದಿಯಲ್ಲಿ ಕೊಕ್ಕೆ. ಕುಡಿದ ಕೂಡಲೇ ಕೊಕ್ಕೆ ಸಿಕ್ಕಿಸಬೇಕು, ದೋಣಿಯಲ್ಲಿ ಇದೊಂದೇ ಕಟ್ಟುನಿಟ್ಟು.

ದಿಕ್ಸೂಚಿ ಹತ್ತಿರ ಮಾತ್ರ ಇಡಬೇಡಿ. ಒಳ್ಳೆ ಸ್ಟೇನ್‌ಲೆಸ್ ಸ್ಟೀಲನ್ನು ಅಯಸ್ಕಾಂತ ಹಿಡಿಯುವುದಿಲ್ಲ ಅಂತಾರೆ, ಹೆಚ್ಚಿನ ಮಟ್ಟಿಗೆ ನಿಜ. ಆದರೆ ಒತ್ತಿ, ಎಳೆದು ಆಕಾರ ಕೊಟ್ಟ ಕಡೆ ಸ್ವಲ್ಪ ಹಿಡಿಯುವ ಗುಣ ಬರುತ್ತದೆ. ಕೆಲವು ಅಗ್ಗದ ಸ್ಟೀಲನ್ನಂತೂ ಪೂರ್ತಿಯೇ ಹಿಡಿಯುತ್ತದೆ. ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ತಂದು ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಮುಚ್ಚಳದ ರಬ್ಬರ್ ಉಂಗುರವನ್ನು ವಾರಕ್ಕೊಮ್ಮೆ ತೆಗೆದು ಅಡುಗೆ ಸೋಡಾ ಹಾಕಿ ತೊಳೆಯಬೇಕು. ಮುಂಬೈ ಸೆಕೆಗೆ ಅಲ್ಲಿ ಬೂಷ್ಟು ಬರುತ್ತದೆ. ಸ್ಟೀಲ್ ಬಾಟಲಿ ವಾಸನೆ ಹೊಡೆಯುತ್ತದೆ ಅಂತ ದೂರುವವರ ಬಾಟಲಿ ತೆಗೆದು ನೋಡಿ, ವಾಸನೆ ಈ ಉಂಗುರದ್ದೇ ಆಗಿರುತ್ತದೆ.

ಜಗ್ಗಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಆಫೀಸಿನಲ್ಲಿ ಇಡುವಂಥ ನಲ್ಲಿ ಇರುವ ಕ್ಯಾಂಪರ್ ದೋಣಿಗೆ ಆಗಿಬರುವುದಿಲ್ಲ. ದೋಣಿ ವಾಲಿದಾಗ ಯಾರದೋ ಮೊಣಕಾಲು ತಾಗಿ ನಲ್ಲಿ ತೆರೆದುಕೊಳ್ಳುತ್ತದೆ, ನೀರೆಲ್ಲ ಕ್ಯಾಬಿನ್ ನೆಲಕ್ಕೆ. ಅದೂ ಅಲ್ಲದೆ ನಮ್ಮ ದೋಣಿ ಇರುವುದು ದಡದಿಂದ ದೂರ, ನೀರಲ್ಲಿ ಲಂಗರು ಹಾಕಿ ತೇಲಿಬಿಟ್ಟ ಬೋಯಾಗೆ ಕಟ್ಟಿ. ಅಲ್ಲಿಗೆ ಇನ್ನೊಂದು ಪುಟ್ಟ ದೋಣಿಯಲ್ಲಿ ಹೋಗಬೇಕು. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ನಾಲ್ಕು ಮೀಟರ್ ದಾಟುತ್ತದೆ. ಇಳಿತದ ಹೊತ್ತಿಗೆ ಜೆಟ್ಟಿಯ ಕೆಳಗಿನ ಮೆಟ್ಟಿಲೆಲ್ಲ ಪಾಚಿ. 20 ಕಿಲೋ ಹೊತ್ತು ಇಳಿಯುವ ಸಾಹಸ ಬೇಡ. ಐದು ಲೀಟರಿನ ತಿರುಪು ಮುಚ್ಚಳದ ಜಗ್ಗು ಒಂದು ಕೈಗೆ ಸಾಕು, ಇನ್ನೊಂದು ಕೈ ಹಗ್ಗ ಹಿಡಿಯಲು ಇರಲಿ.

ಬೇಸಿಗೆಯಲ್ಲಿ ಬರೀ ನೀರು ಸಾಲದು. ಬೆವರಲ್ಲಿ ಉಪ್ಪು ಹೋಗುತ್ತದೆ, ಜನ ಬಣ್ಣದ ಎನರ್ಜಿ ಡ್ರಿಂಕ್ ಬಾಟಲಿ ಹಿಡಿದು ಬರುತ್ತಾರೆ. ನಾನು ಪುನರ್ಪುಳಿ ಶರಬತ್ತಿಗೆ ಉಪ್ಪು, ಸಕ್ಕರೆ ಹಾಕಿ ಒಂದು ಫ್ಲಾಸ್ಕ್ ತುಂಬುತ್ತೇನೆ. ಇಲ್ಲಿನವರಿಗೆ ಕೋಕಂ ಅಂದರೆ ಮನೆಯ ಮಾತು, ಮನವೊಲಿಸುವ ಕೆಲಸವೇ ಬರಲಿಲ್ಲ. ಸ್ಟೀಲಿನಲ್ಲೇ ತುಂಬಿ, ಹುಳಿಗೆ ಅಲ್ಯೂಮಿನಿಯಂ ಬೇಡ. ಮಜ್ಜಿಗೆಯನ್ನೂ ಪ್ರಯತ್ನಿಸಿದ್ದೆ. ಅಲೆಯ ಮೇಲೆ ಹೊಟ್ಟೆ ತೊಳಸುವವರಿಗೆ ಅದು ಸರಿಹೋಗಲಿಲ್ಲ.

ನಾನು ಎಣಿಸದೇ ಇದ್ದ ವಿರೋಧ ಬಂದಿದ್ದು ನಮ್ಮ ಪುಟ್ಟ ದೋಣಿ ನಡೆಸುವ ತಾಂಡೇಲನಿಂದ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಮುಖ ಮಾತ್ರ ಸಪ್ಪಗಿತ್ತು. ಕೆದಕಿ ಕೇಳಿದಾಗ ಗೊತ್ತಾಯಿತು. ದೋಣಿಗಳಿಂದ ಇಳಿದ ಖಾಲಿ ಬಾಟಲಿಗಳನ್ನು ಅವನು, ಅವನ ಜೊತೆಯ ಹುಡುಗರು ಕೂಡಿಟ್ಟು ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ, ಮಾರುತ್ತಿದ್ದರು. ಅದು ಅವರ ಚಹಾ ಕಾಸು. "ಸಾಹೇಬ್, ನಿಮ್ಮ ಸಮುದ್ರ ಸ್ವಚ್ಛ ಆಯ್ತು, ನಮ್ಮ ಜೇಬೂ ಸ್ವಚ್ಛ ಆಯ್ತು" ಅಂದ, ನಗುತ್ತಲೇ. ಮಾತು ನ್ಯಾಯದ್ದೇ. ಬಾಟಲಿ ಕೊಳ್ಳದೆ ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಅವರಿಗೆ ಕೊಡುವುದೆಂದು ತಂಡದಲ್ಲಿ ಮಾತಾಡಿಕೊಂಡೆವು. ಕ್ಯಾನ್ ತರಿಸುವುದು, ಐಸ್ ತರುವುದು ಈಗ ಅವರದೇ ಕೆಲಸ. ಇದಾದ ಮೇಲೆ ಬೇರೆ ದೋಣಿಯವರಿಗೂ ನೀರು ತುಂಬಿಸಿಕೊಳ್ಳಿ ಅಂತ ಹೇಳುವವನು ಅವನೇ. ನನ್ನ ಭಾಷಣಕ್ಕಿಂತ ಅದು ಹತ್ತು ಪಾಲು ಕೆಲಸ ಮಾಡಿದೆ.

ರೇಸ್ ಇರುವ ದಿನಗಳದ್ದು ಬೇರೆ ತಲೆನೋವು. ಪ್ರಾಯೋಜಕರು ನೀರಿನ ಕಂಪನಿಯನ್ನೂ ಕರೆತರುತ್ತಾರೆ, 200 ಮಿಲಿ ಬಾಟಲಿಗಳ ಪೆಟ್ಟಿಗೆ ಬಂದು ಬೀಳುತ್ತದೆ. ಎರಡು ಗುಟುಕಿಗೆ ಒಂದು ಬಾಟಲಿ. ದೇಶದಲ್ಲಿ 2022ರ ಜುಲೈ 1ರಿಂದ ಬಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ನ ನಿಷೇಧದಲ್ಲಿ ನೀರಿನ ಬಾಟಲಿ ಸೇರಿಲ್ಲ. ಹಾಗಾಗಿ ಕಾನೂನು ತೋರಿಸಿ ನಿಲ್ಲಿಸಲು ಆಗುವುದಿಲ್ಲ. ಬೇಡ ಅಂದರೆ ಪ್ರಾಯೋಜಕರಿಗೆ ಬೇಸರ. ನಾವು ಕೇಳಿದ್ದು ಇಷ್ಟೇ: ಅದೇ ನೀರನ್ನು 20 ಲೀಟರ್ ಕ್ಯಾನ್‌ನಲ್ಲಿ ಕೊಡಿ, ನಿಮ್ಮ ಹೆಸರಿನ ಬ್ಯಾನರ್ ನೀರು ತುಂಬುವ ಜಾಗದ ಮೇಲೆ ಕಟ್ಟುತ್ತೇವೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಒಪ್ಪದವರ ಬಾಟಲಿಗಳನ್ನು ದಡದಲ್ಲೇ ಇಟ್ಟುಕೊಂಡು ಹಂಚಿದೆವು, ದೋಣಿ ಹತ್ತಲು ಬಿಡಲಿಲ್ಲ.

ಆಪ್ಟಿಮಿಸ್ಟ್ ಅನ್ನುವ, ಒಬ್ಬರೇ ನಡೆಸುವ ಪುಟ್ಟ ಹಾಯಿದೋಣಿ ಕಲಿಯುವ ಮಕ್ಕಳು, ದೋಣಿಯೊಳಗೆ ಬಂದ ನೀರು ಹೊರಹಾಕಲು ಪ್ಲಾಸ್ಟಿಕ್ ಕ್ಯಾನನ್ನೇ ಅಡ್ಡ ಕತ್ತರಿಸಿ, ಹಗ್ಗ ಕಟ್ಟಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.

ಒಂದು ಕಡೆ ಮಾತ್ರ ನಾನು ಸೀಲ್ ಮಾಡಿದ ಬಾಟಲಿ ಬಿಟ್ಟಿಲ್ಲ. ತುರ್ತು ಚೀಲದಲ್ಲಿ, ಪಟಾಕಿಯಂಥ ಸಿಗ್ನಲ್ ಫ್ಲೇರ್‌ಗಳ ಪಕ್ಕ, ಲೀಟರಿನ ನಾಲ್ಕು ಬಾಟಲಿ ಇರುತ್ತವೆ. ಗಾಳಿ ಬಿದ್ದುಹೋಗಿ, ಎಂಜಿನ್ ಕೈಕೊಟ್ಟು, ಎಲಿಫೆಂಟಾ ಆಚೆ ರಾತ್ರಿ ತನಕ ತೇಲುವ ಪರಿಸ್ಥಿತಿ ಬಂದರೆ ಯಾರು ಎಷ್ಟು ಕುಡಿದರು, ಯಾರ ಫ್ಲಾಸ್ಕ್ ಖಾಲಿ ಅಂತ ನೋಡುತ್ತಾ ಕೂರಲು ಆಗುವುದಿಲ್ಲ. ಅವುಗಳ ಮೇಲಿನ ತಾರೀಖು ಮುಗಿಯುವ ಮುಂಚೆ ದಡದಲ್ಲಿ ಕುಡಿದು, ಹೊಸದು ಇಡುತ್ತೇವೆ. ಖಾಲಿ ಬಾಟಲಿ ತಾಂಡೇಲನಿಗೆ.