ರದ್ದಿಯವ್ರೂ ಮುಟ್ಟದ ಪ್ಲಾಸ್ಟಿಕ್ ಕಡಿಮಿ ಮಾಡೂದು ಹೆಂಗ?

ನಮ್ಮ ವಿಜಯಪುರದಾಗ ನೀರಿನ ಬಾಟ್ಲಿ ರೋಡಿಗೆ ಬಿತ್ತಂದ್ರ ಭಾಳ ಹೊತ್ತು ಇರಂಗಿಲ್ಲ, ಆರಿಸೋರು ಬಂದು ಒಯ್ತಾರ, ಯಾಕಂದ್ರ ಅದಕ್ಕ ಗುಜರ್ಯಾಗ ರೊಕ್ಕ ಬರ್ತೈತಿ. ಒಡದ ಕೊಡಾ, ಬಕೆಟ್, ಎಣ್ಣಿ ಕ್ಯಾನ್ ಎಲ್ಲಾ ಹಂಗ. ಉಳಿಯೂದು ಯಾವ್ದಂದ್ರ ತೆಳ್ಳನ ಕ್ಯಾರಿಬ್ಯಾಗ್, ಗುಟ್ಕಾ ಚೀಟಿ, ಶಾಂಪೂ ಪಾಕೀಟು, ಚಿಪ್ಸ್ ಕವರ್, ಚಾ ಕಪ್ಪು. ಇವನ್ನ ಯಾರೂ ಮುಟ್ಟಂಗಿಲ್ಲ. ಊರ ಹೊರಗ ಜಾಲಿ ಕಂಟಿ ನೋಡ್ರಿ ಒಮ್ಮೆ, ಹೂವಿನಕಿಂತ ಕ್ಯಾರಿಬ್ಯಾಗ್ ಜಾಸ್ತಿ ಬಿಟ್ಟಿರ್ತಾವ. ಹಂಗಾಗಿ ನೀವೇನರ ಮಾಡೂದಿದ್ರ ಇಲ್ಲಿಂದನ ಶುರು ಮಾಡ್ರಿ, ಬಾಟ್ಲಿ ಚಿಂತಿ ಆಮ್ಯಾಲ.

ಮೊದ್ಲು ಸಂತಿ ಚೀಲ. ಎಲ್ಲಾರ ಮನ್ಯಾಗೂ ಕೈಚೀಲ ಐತಿ, ಆದ್ರ ಅದು ಅಡಗಿ ಮನಿ ಬಾಗಲಾ ಹಿಂದ ಜೋತಾಡ್ತಿರ್ತೈತಿ, ನಾವು ಆಫೀಸಿಂದ ಬರೂ ಹಾದ್ಯಾಗ ಕಾಯಿಪಲ್ಲೆ ತರ್ತೀವಿ. ಅದಕ್ಕ ಚೀಲ ಗಾಡಿ ಡಿಕ್ಕ್ಯಾಗ ಇಡ್ರಿ, ಖಾಲಿ ಮಾಡಿದ ಕೂಡ್ಲೇ ಗಾಡಿ ಕೀಲಿ ಜೋಡಿ ತೂಗಹಾಕ್ರಿ, ಮರಿಯಂಗಿಲ್ಲ. ಉಳ್ಳಾಗಡ್ಡಿ, ಬಟಾಟಿ, ಬದ್ನಿಕಾಯಿ ಎಲ್ಲಾ ಒಂದ ಚೀಲಕ್ಕ ಸುರವಿಸ್ಕೋರಿ, ಹೆಂಗೂ ಮನ್ಯಾಗ ಬ್ಯಾರೆ ಮಾಡೂದ ಐತಿ. ಟೊಮೆಟೊಕ್ಕ ಮಾತ್ರ ಹಳೀ ಧೋತ್ರದ್ದೋ ಚಾದರದ್ದೋ ಒಂದು ಸಣ್ಣ ಚೀಲ ಹೊಲಿಸಿಟ್ಕೋರಿ. ಮತ್ತ ತಕ್ಕಡಿಗೆ ಹಾಕೂಕಿಂತ ಮುಂಚೇನ ಚೀಲ ಬಾಯಿ ತಗದು ಹಿಡೀಬೇಕು, ಇಲ್ಲಂದ್ರ ಕಾಯಿಪಲ್ಲೆ ಮಾರೂ ಅಕ್ಕೋರು ಮಾತಾಡ್ತಾ ಮಾತಾಡ್ತಾನ ಕ್ಯಾರಿಬ್ಯಾಗಿಗೆ ತುಂಬಿಬಿಡ್ತಾರ, ಕೈ ರೂಢಿ ಅದು. ರಾಜ್ಯದಾಗ ಕ್ಯಾರಿಬ್ಯಾಗ್ 2016ರಾಗನ ಬ್ಯಾನ್ ಆಗೇತಿ, ಕೇಂದ್ರದ ರೂಲ್ ಪ್ರಕಾರನೂ 120 ಮೈಕ್ರಾನ್‌ಕಿಂತ ತೆಳ್ಳಗಿದ್ದದ್ದು ನಡಿಯಂಗಿಲ್ಲ, ಆದ್ರೂ ಕೇಳಿದವ್ರಿಗೆಲ್ಲಾ ಸಿಗ್ತೈತಿ. ಅದರ ಸಲುವಾಗಿ ಕೇಳೂದ ಬಿಡ್ರಿ.

ಖಾನಾವಳಿ ಪಾರ್ಸಲ್‌ಗೆ ಡಬ್ಬಿ ಒಯ್ಯಿರಿ, ಆದ್ರ ಸ್ವಲ್ಪ ಲಗೂ ಹೋಗ್ರಿ. ಸಂಜಿ ಗದ್ಲ ಶುರು ಆಗೂದ್ರೊಳಗ ಪಲ್ಲೆ, ಸಾರು ಎಲ್ಲಾ ಸಣ್ಣ ಸಣ್ಣ ಚೀಲಕ್ಕ ಕಟ್ಟಿ ಇಟ್ಟುಬಿಟ್ಟಿರ್ತಾರ, ಆವಾಗ ಡಬ್ಬಿ ಕೊಟ್ರ ಅದನ್ನ ಒಡದು ನಿಮ್ಮ ಡಬ್ಬಿಗೆ ಸುರೀತಾರ, ಏನು ಉಳೀತ್ರಿ ಮತ್ತ? ಮಟನ್ ಅಂಗಡ್ಯಾಗ ಖಾಲಿ ಡಬ್ಬಿ ಮೊದ್ಲು ತೂಗಿ ಅಂತ ಹೇಳ್ರಿ, ತೂಕದ ಜಗಳಾನ ಇರಂಗಿಲ್ಲ. ಚಾ ಅಂತೂ ಅಲ್ಲೇ ನಿಂತು ಕಾಜಿನ ಗ್ಲಾಸಿನ್ಯಾಗ ಕುಡೀರಿ. ಪೇಪರ್ ಕಪ್ ಒಳ್ಳೇದು ಅಂತ ಭಾಳ ಮಂದಿ ತಿಳ್ಕೊಂಡಾರ, ಅದ್ರ ಒಳಗೂ ಪ್ಲಾಸ್ಟಿಕ್ ಪದರ ಇರ್ತೈತಿ, ಇಲ್ಲಂದ್ರ ಚಾ ಸೋರಿ ಹೋಗ್ತಿತ್ತು.

ಹಾಲಿನ ಪಾಕೀಟಿನ ತುದಿ ಪೂರ್ತಿ ಕತ್ತರಿಸಬ್ಯಾಡ್ರಿ, ಸ್ವಲ್ಪ ಅಂಟ್ಕೊಂಡ ಇರ್ಲಿ. ಪಾಕೀಟು ತೊಳದು ಒಣಗಿಸಿಟ್ರ ರದ್ದಿಯವ್ರು ತಗೋತಾರ, ಕತ್ತರಿಸಿ ಒಗದ ಆ ಉಗುರಷ್ಟು ತುಂಡು ಮಾತ್ರ ಯಾರ ಕೈಗೂ ಸಿಗದ ಸೀದಾ ಗಟಾರಕ್ಕ ಹೋಗ್ತೈತಿ.

ಇನ್ನ ಎಳ್ಳಮಾಸಿ. ಚರಗ ಚೆಲ್ಲಾಕ ಹೊಲಕ್ಕ ಹೋಗೂವಾಗ ಮೊದ್ಲೆಲ್ಲಾ ಬುಟ್ಟ್ಯಾಗ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಗಿ ಜೋಡಿ ತಾಟು ಗಂಗಾಳನೂ ಹೋಗ್ತಿದ್ವು, ಈಗ ತೊಳಿಯೂದ್ಯಾರು ಅಂತ ಬಳಸಿ ಒಗಿಯೂ ತಾಟು, ಪ್ಲಾಸ್ಟಿಕ್ ಗ್ಲಾಸು ತರ್ತಾರ, ಉಂಡು ಬದುವಿಗೆ ಒಗದು ಬರ್ತಾರ. ಪ್ಲಾಸ್ಟಿಕ್ ತಾಟು, ಗ್ಲಾಸು, ಚಮಚ 2022ರ ಜುಲೈ 1ರಿಂದ ಇಡೀ ದೇಶದಾಗ ಬಂದ್ ಅದಾವ, ಅದೊಂದು ಬಾಜೂಕಿರ್ಲಿ. ಗಾಳಿಗೆ ಹಾರಿ ಪಕ್ಕದ ಜ್ವಾಳದ ಹೊಲಕ್ಕ ಹೋಗ್ತಾವ, ಬ್ಯಾಸಿಗ್ಯಾಗ ಎರಿ ಭೂಮಿ ಬಾಯಿ ಬಿಟ್ಟಾಗ ತುಂಡೆಲ್ಲಾ ಬಿರುಕಿನ್ಯಾಗ ಇಳೀತಾವ, ಆಮ್ಯಾಲ ಆರಿಸ್ತೀನಂದ್ರೂ ಸಿಗಂಗಿಲ್ಲ. ಮುತ್ತಲ ಎಲಿ ಪತ್ರಾವಳಿ ಒಯ್ಯಿರಿ (ಮ್ಯಾಲೆ ಮಿಂಚೂ ಹಾಳಿ ಅಂಟಿಸಿದ್ದು ಬ್ಯಾಡ), ನೀರಿಗೆ ಒಂದು ಬಿಂದಿಗಿ, ನಾಕು ಸ್ಟೀಲ್ ಲೋಟ ಸಾಕು. ಉಳಿದ ಅನ್ನ ಕ್ಯಾರಿಬ್ಯಾಗಿನ್ಯಾಗ ಕಟ್ಟಿ ಒಗೀಬ್ಯಾಡ್ರಿ, ಆಕಳು ವಾಸನಿಗೆ ಬಂದು ಚೀಲ ಸಮೇತ ನುಂಗ್ತಾವ, ಅದು ಹೊಟ್ಟ್ಯಾಗ ಕರಗಂಗಿಲ್ಲ, ಗಂಟು ಕಟಗೊಂಡು ಕುಂದರ್ತೈತಿ.

ಇಷ್ಟೆಲ್ಲಾ ಮಾಡಿದ್ರೂ ಬಿಸ್ಕೀಟು, ಕುರ್ಕುರೆ ಕವರ್ ಬರೂದ, ಹುಡುಗರ ಮನಿ ಅಂದಮ್ಯಾಲ. ಒಂದು ಗೊಬ್ಬರ ಚೀಲ ಹಿತ್ತಲದಾಗ ಮೊಳೆಗೆ ಹಾಕಿ ಒಣಾ ಕವರ್ ಎಲ್ಲಾ ಅದಕ್ಕ ತುಂಬ್ರಿ, ತುಂಬಿದಮ್ಯಾಲ ಕಸದ ಗಾಡಿಯವ್ರಿಗೆ ಒಣ ಕಸ ಅಂತ ಬ್ಯಾರೆ ಕೊಡ್ರಿ. ಹಳ್ಳ್ಯಾಗಿದ್ರ ಪಂಚಾಯ್ತಿ ಗಾಡಿ ಯಾವ ದಿನ ಬರ್ತೈತಿ ಕೇಳ್ಕೋರಿ. ಮುಂಜಾನೆ ಅಂಗಳ ಕಸ ಹೊಡದು ಎಲಿ ಜೋಡಿ ಕವರ್‌ಗೂ ಕಡ್ಡಿ ಗೀರೂದು ಮಾತ್ರ ಬ್ಯಾಡ, ಆ ವಿಷದ ಹೊಗಿ ಮೊದ್ಲು ಹೋಗೂದು ಬಾಜೂ ಮನಿ ಮುದುಕರ ಎದಿಗೆ.