ಕರಡು ತಿದ್ದುವ ಕೆಲಸ ಮತ್ತು ನನ್ನ ಆಟಿಸಂ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ವೃತ್ತಿ. ನನಗೆ ಆಟಿಸಂ ಇದೆ ಎಂದು ತಿಳಿದದ್ದು ಮೂವತ್ತು ದಾಟಿದ ಮೇಲೆ. ಕೈಗೆ ಬಂದ ವರದಿಯಲ್ಲಿ ಕೊರತೆಗಳ ಪಟ್ಟಿ ಉದ್ದವಾಗಿತ್ತು: ಸಣ್ಣ ವಿವರಗಳಲ್ಲಿ ಮುಳುಗುವುದು, ಒಂದೇ ವಿಷಯಕ್ಕೆ ಅತಿಯಾಗಿ ಅಂಟಿಕೊಳ್ಳುವುದು, ಹೀಗೆ. ಆ ಎರಡರಿಂದಲೇ ನನ್ನ ಜೀವನ ನಡೆಯುತ್ತಿದೆ. ಅದು ಹೇಗೆ ಸಾಧ್ಯವಾಯಿತು ಎಂದು ಬರೆದಿಟ್ಟರೆ ನನ್ನಂಥವರಿಗೂ, ಆಟಿಸಂ ಇರುವ ಮಕ್ಕಳ ತಂದೆತಾಯಿಯರಿಗೂ ನೆರವಾಗಬಹುದು.

ಪುಟ ತೆರೆದಾಗ ನನಗೆ ಮೊದಲು ಕಾಣುವುದು ಅಕ್ಷರ, ಅರ್ಥ ಆಮೇಲೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕುಳಿತಿದ್ದರೆ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ನನಗೆ ಅದು ಸಾಲಿನಿಂದ ಎದ್ದು ಕಾಣುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಒತ್ತಕ್ಷರ ಬಿಡಿಯಾಗಿ ನಿಂತಿರುತ್ತದೆ. ಅವುಗಳನ್ನು ನಾನು ಹುಡುಕುವುದಿಲ್ಲ, ಅವೇ ಕಣ್ಣಿಗೆ ತಾಗುತ್ತವೆ. 1983ರಲ್ಲಿ ಮನೋವಿಜ್ಞಾನಿಗಳಾದ ಅಮಿತಾ ಶಾ ಮತ್ತು ಉಟಾ ಫ್ರಿತ್ ನಡೆಸಿದ ಪ್ರಯೋಗವೊಂದರಲ್ಲಿ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಆಕೃತಿಯನ್ನು ಪತ್ತೆಹಚ್ಚುವುದರಲ್ಲಿ ಆಟಿಸಂ ಇರುವ ಮಕ್ಕಳು ಮುಂದಿದ್ದರು. ಅದನ್ನು ಓದಿದ ದಿನ ನನಗೆ ತುಂಬ ಸಂತೋಷವಾಯಿತು. ನಾನು ದಿನವೂ ಮಾಡುತ್ತಿರುವುದು ಅದನ್ನೇ.

ಆದರೆ ಕಣ್ಣು ಚುರುಕಾಗಿದ್ದರೆ ಸಾಲದು, ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ನೋಡುವುದು ನನ್ನಿಂದಾಗದು. ಆದ್ದರಿಂದ ಒಂದು ಸುತ್ತಿನಲ್ಲಿ ಒಂದನ್ನೇ ನೋಡುತ್ತೇನೆ. ಮೊದಲ ಸುತ್ತಿನಲ್ಲಿ ಬರೀ ಕಾಗುಣಿತ. ಕಥೆ ಎಲ್ಲಿಗೆ ಹೋಗುತ್ತಿದೆ ಎಂಬ ಗೊಡವೆಯೇ ಇಲ್ಲ. ಮುಂದಿನದರಲ್ಲಿ ವ್ಯಕ್ತಿ, ಊರುಗಳ ಹೆಸರು ಮಾತ್ರ. ಹತ್ತನೆಯ ಪುಟದ ‘ಶಾಂತಮ್ಮ’ ನೂರನೆಯ ಪುಟದಲ್ಲಿ ‘ಶಾಂತಮ್ಮಣ್ಣಿ’ ಆಗಿದ್ದಾಳೆಯೇ ಎಂದು. ಆಮೇಲೆ ಅಂಕಿಗಳು. ಅರ್ಥಕ್ಕಾಗಿ ಓದುವುದು ಕಟ್ಟಕಡೆಗೆ. ಸಂಜೆಯಾದದ್ದು ಗೊತ್ತಾಗದಷ್ಟು ಹೊತ್ತು ಒಂದೇ ಸುತ್ತಿನಲ್ಲಿ ಇರಬಲ್ಲೆ. ಗಮನವೆಲ್ಲ ಒಂದೇ ಕಾಲುವೆಯಲ್ಲಿ ಹರಿಯುವ ಈ ಗುಣವನ್ನು ಸಂಶೋಧಕಿ ಡೈನಾ ಮರ್ರೆ ಮತ್ತು ಸಂಗಡಿಗರು 2005ರ ಪ್ರಬಂಧದಲ್ಲಿ ಆಟಿಸಂನ ಮೂಲ ಲಕ್ಷಣವೆಂದೇ ವಿವರಿಸಿದ್ದಾರೆ. ಮಾನೊಟ್ರೊಪಿಸಂ ಎಂದು ಅದರ ಹೆಸರು. ನನ್ನ ಮಟ್ಟಿಗೆ ಅದು ಸುಖ. ಇಷ್ಟು ಪೂರ್ತಿಯಾಗಿ ಒಂದು ಕೆಲಸದಲ್ಲಿ ಇರಬಲ್ಲೆನಲ್ಲ ಎಂಬ ಕೃತಜ್ಞತೆ ನನಗಿದೆ.

ಅಂಟಿಕೊಳ್ಳುವ ವಿಷಯಕ್ಕೆ ಬಂದರೆ, ಚಿಕ್ಕಂದಿನಿಂದ ನನಗೆ ಶಾಸನಗಳ ಹುಚ್ಚು. ನೆಂಟರ ಮದುವೆಯಲ್ಲೂ ಅದನ್ನೇ ಮಾತಾಡುತ್ತೇನೆಂದು ಅಮ್ಮ ಸಂಕೋಚಪಡುತ್ತಿದ್ದರು. ಅದೇ ಹುಚ್ಚು ಒಮ್ಮೆ ಒಂದು ಊರಿನ ಇತಿಹಾಸದ ಪುಸ್ತಕವನ್ನು ಕಾಪಾಡಿತು. ಶಾಸನದ ಕಾಲ ‘ಶಕ 1100, ವಿಳಂಬಿ ಸಂವತ್ಸರ, ಕ್ರಿ.ಶ. 1187’ ಎಂದು ಅಚ್ಚಾಗಿತ್ತು. ಶಕವರ್ಷಕ್ಕೆ 78 ಕೂಡಿಸಿದರೆ ಬರುವುದು 1178. ಸಂವತ್ಸರವೂ ಅದಕ್ಕೇ ಸಾಕ್ಷಿ: ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ; 1178ರಿಂದ ಅಂಥ ಹದಿನಾಲ್ಕು ಸುತ್ತು ಮುಗಿದರೆ 2018, ಆ ಯುಗಾದಿಗೆ ಆರಂಭವಾದದ್ದು ವಿಳಂಬಿಯೇ. 1187 ಆಗಿದ್ದರೆ ಪ್ಲವಂಗ ಇರಬೇಕಿತ್ತು. ಲೇಖಕರು ನಿವೃತ್ತ ಅಧ್ಯಾಪಕರು. “ಎಷ್ಟು ಸಲ ಓದಿದೆನಮ್ಮ, ನನ್ನ ಕಣ್ಣಿಗೆ ಬೀಳಲೇ ಇಲ್ಲ” ಎಂದರು. ಅಂದಿನಿಂದ ಇತಿಹಾಸದ ಕರಡುಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮಗುವಿನ ಹುಚ್ಚನ್ನು ಬಿಡಿಸಲು ಹೊರಟಿರುವ ತಂದೆತಾಯಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ದಯವಿಟ್ಟು ಬಿಡಿಸಬೇಡಿ, ಜೊತೆಗೆ ಕುಳಿತು ಕೇಳಿ.

ನೇರ ಮಾತಿನಿಂದಲೂ ನನಗೆ ಒಳಿತೇ ಆಗಿದೆ. ಅಧ್ಯಾಯ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಎನ್ನಲು ನನಗೆ ಬರುವುದಿಲ್ಲ. ಹೀಗಾಗಿ ನಾನು ಚೆನ್ನಾಗಿದೆ ಎಂದಾಗ ಲೇಖಕರು ನಂಬುತ್ತಾರೆ.

ಇದೆಲ್ಲ ನಡೆಯುವುದು ನನಗೆ ಬೇಕಾದ ಅನುಕೂಲ ಸಿಕ್ಕಿರುವುದರಿಂದ. ಸೂಚನೆಗಳು ಬರವಣಿಗೆಯಲ್ಲಿ ಬೇಕು, ಫೋನ್ ಬೇಡ; ಕೋಣೆಯಲ್ಲಿ ಸದ್ದಿರಬಾರದು; ಗಡುವು ಬದಲಾದರೆ ಮುಂಚೆಯೇ ಹೇಳಬೇಕು. ಹಿಂದೆ ಕೆಲಸ ಮಾಡಿದ ಕಚೇರಿಯಲ್ಲಿ ಇವು ಇರಲಿಲ್ಲ. ಅಲ್ಲಿ ಇದೇ ಕಣ್ಣು, ಇದೇ ಗಮನ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆದ್ದರಿಂದ ಇಂಥ ಅನುಕೂಲವನ್ನು ಕೇಳಲು ಹಿಂಜರಿಯಬೇಕಿಲ್ಲ.

ಆಟಿಸಂ ಇರುವ ಎಲ್ಲರಿಗೂ ನನ್ನ ಕಣ್ಣೇ ಇರುವುದಿಲ್ಲ. ಮಾತೇ ಬಾರದವರಿದ್ದಾರೆ, ದಿನವಿಡೀ ಜೊತೆಗೊಬ್ಬರು ಬೇಕಾದವರಿದ್ದಾರೆ. ಅವರ ಬೆಲೆಯನ್ನು ದುಡಿಮೆಯಿಂದ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ನನ್ನ ಬಳಿ ಕೆಲಸ ಕಲಿಯುತ್ತಿರುವ ಹುಡುಗನಿಗೂ ಆಟಿಸಂ ಇದೆ. ಕಾಗುಣಿತದಲ್ಲಿ ಅವನಿಗೆ ಆಸಕ್ತಿಯಿಲ್ಲ. ಅವನು ಗುರುತಿಸುವುದು ಜಾಗವನ್ನು: ಸಾಲುಗಳ ನಡುವಿನ ಅಂತರ, ಒಂದು ಪುಟದಲ್ಲಿ ಕೂದಲೆಳೆಯಷ್ಟು ಒಳಸರಿದ ಅಂಚು. ನನಗೆ ಅದು ಕಾಣುವುದೇ ಇಲ್ಲ. ಪುಟವಿನ್ಯಾಸದ ಸುತ್ತನ್ನು ಪೂರ್ತಿಯಾಗಿ ಅವನಿಗೇ ಒಪ್ಪಿಸಿದ್ದೇನೆ.