ಗ್ಯಾಸ್ಟ್ರಿಕ್ ಅಲ್ಲದ ನೋವು

ಆ ತಾಯಿ ಎಂಟು ತಿಂಗಳಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು. ಎಂಡೋಸ್ಕೋಪಿ ರಿಪೋರ್ಟಿನಲ್ಲಿ ಜಠರದ ತೊಂದರೆಯೇನೂ ಇರಲಿಲ್ಲ. "ನೋವು ಯಾವಾಗ ಬರುತ್ತಮ್ಮಾ?" ಎಂದೆ. "ರಾತ್ರಿ ಉಂಡು ಮಲಗಿದ ಮೇಲೆ ಡಾಕ್ಟ್ರೇ. ಶುರುವಾದ್ರೆ ಎರಡು ಮೂರು ಗಂಟೆ ಬಿಡೋದೇ ಇಲ್ಲ" ಎನ್ನುತ್ತಾ ಕೈಯನ್ನು ಹಿಂದಕ್ಕೆ ತಿರುಗಿಸಿ ಬಲಗಡೆಯ ಹೆಗಲೆಲುಬಿನ ಕೆಳಗೆ ಮುಟ್ಟಿಕೊಂಡರು. ಹೊಟ್ಟೆನೋವೆಂದು ಬಂದವರು ಬೆನ್ನು ಮುಟ್ಟಿಕೊಂಡರೆ ನಾನು ಪಿತ್ತಕೋಶವನ್ನು ಮರೆಯುವುದಿಲ್ಲ. ಎದೆಯುರಿ ಬೇರೆ, ಹಿಡಿದರೆ ಬಿಡದ ನೋವೇ ಬೇರೆ. ಇಷ್ಟು ಕೇಳುವುದಕ್ಕೆ ಐದು ನಿಮಿಷ ಸಾಕಾಗಿತ್ತು. ಎಂಟು ತಿಂಗಳು ಯಾರೂ ಕೇಳಿರಲಿಲ್ಲವೆಂಬುದು ಈಗಲೂ ನನಗೆ ಸಂಕಟ.

ಬಲಪಕ್ಕೆಯ ಅಂಚಿನ ಕೆಳಗೆ ಬೆರಳೂರಿ ಜೋರಾಗಿ ಉಸಿರೆಳೆಯಲು ಹೇಳಿದೆ. ಅರ್ಧಕ್ಕೇ ಉಸಿರು ತಟ್ಟನೆ ನಿಂತಿತು, ಮುಖ ಕಿವುಚಿತು. ಉಸಿರೆಳೆದಾಗ ಯಕೃತ್ತಿನೊಡನೆ ಪಿತ್ತಕೋಶವೂ ಕೆಳಗಿಳಿದು ಬೆರಳಿಗೆ ತಾಗುತ್ತದೆ. ಊದಿಕೊಂಡಿದ್ದರೆ ರೋಗಿ ಮುಂದಕ್ಕೆ ಉಸಿರೆಳೆಯಲಾರರು. ಮರ್ಫಿ ಚಿಹ್ನೆ ಎನ್ನುವುದು ಇದಕ್ಕೇ. ಎಡಗಡೆಯೂ ಒತ್ತಿ ನೋಡಿದೆ, ಅಲ್ಲಿ ಏನೂ ಆಗಲಿಲ್ಲ. ಸ್ಕ್ಯಾನಿನಲ್ಲಿ ಕಲ್ಲುಗಳಿದ್ದವು, ಪಿತ್ತಕೋಶದ ಗೋಡೆ ದಪ್ಪವಾಗಿತ್ತು. ಮುಖ್ಯ ಪಿತ್ತನಾಳ ಹಿಗ್ಗಿರಲಿಲ್ಲ, ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ ಏರಿರಲಿಲ್ಲ. ಇಸಿಜಿಯೂ ಸರಿಯಿತ್ತು.

ಲ್ಯಾಪರೊಸ್ಕೋಪಿ ಎಂದು ತೀರ್ಮಾನಿಸಿದೆವು. ನಾಲ್ಕು ಸಣ್ಣ ರಂಧ್ರ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್. ಕ್ಯಾಮೆರಾ ಒಳಗೆ ಹೋದಾಗ ಪಿತ್ತಕೋಶವೇ ಕಾಣಲಿಲ್ಲ. ಕೊಬ್ಬಿನ ಪದರ ಅದಕ್ಕೆ ಮೆತ್ತಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೆ, ಪಿತ್ತಕೋಶದ ಕುತ್ತಿಗೆಯ ಭಾಗವೆಲ್ಲ ಚರ್ಮದಷ್ಟು ಗಟ್ಟಿ. ಪಿತ್ತದ ನಾಳ ಯಾವುದು, ರಕ್ತನಾಳ ಯಾವುದು ಎಂದು ಬಿಡಿಯಾಗಿ ಗೊತ್ತಾಗುತ್ತಿರಲಿಲ್ಲ.

1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ ಮತ್ತು ಸಂಗಡಿಗರು 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' (ಸುರಕ್ಷತೆಯನ್ನು ಖಚಿತಪಡಿಸುವ ನೋಟ) ಎಂದು ಹೆಸರಿಟ್ಟ ನಿಯಮವೊಂದನ್ನು ನಾನು ಮೀರುವುದಿಲ್ಲ. ಪಿತ್ತಕೋಶದ ನಾಳ, ಯಕೃತ್ತಿನ ನಾಳ, ಯಕೃತ್ತು ಇವುಗಳ ನಡುವಿನ ಜಾಗವಾದ ಕ್ಯಾಲೋ ತ್ರಿಕೋನದ ಕೊಬ್ಬು, ನಾರು ಪೂರ್ತಿ ತೆಗೆದಿರಬೇಕು. ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬಿಡಿಸಿಕೊಂಡಿರಬೇಕು. ಪಿತ್ತಕೋಶಕ್ಕೆ ಸೇರುವವು ಎರಡೇ ಎರಡು ಕೊಳವೆಗಳೆಂದು ಕಣ್ಣಾರೆ ಕಾಣಬೇಕು. ಅಲ್ಲಿಯತನಕ ಕ್ಲಿಪ್ ಇಲ್ಲ, ಕತ್ತರಿ ಇಲ್ಲ. ಮುಖ್ಯ ಪಿತ್ತನಾಳವನ್ನೇ ಪಿತ್ತಕೋಶದ ನಾಳವೆಂದು ನಂಬಿ ಕತ್ತರಿಸಿಬಿಟ್ಟರೆ, ಕಲ್ಲು ತೆಗೆಸಿಕೊಳ್ಳಲು ಬಂದವರು ಬದುಕಿಡೀ ಕಾಮಾಲೆ, ಸೋಂಕು, ಮರು ಆಪರೇಷನ್ ಎಂದು ಅಲೆಯಬೇಕಾಗಬಹುದು.

ಆ ದಿನ ಆ ನೋಟ ನನಗೆ ಸಿಗಲಿಲ್ಲ. ಕೈ ನಿಲ್ಲಿಸಿ ಸಹೋದ್ಯೋಗಿಯೊಬ್ಬರನ್ನು ಕರೆಸಿದೆ. ಪರದೆ ನೋಡಿ ಅವರು "ಇನ್ನೂ ಕೆಳಗೆ ಹೋಗೋದು ಬೇಡ" ಎಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಪಿತ್ತಕೋಶವನ್ನು ಮೇಲಿನಿಂದಲೇ ತೆರೆದು ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ, ಬಹುಪಾಲು ಗೋಡೆ ತೆಗೆದು, ಉಳಿದ ಬುಡವನ್ನು ಒಳಗಿನಿಂದ ಹೊಲಿದು, ಒಳಗಿನ ದ್ರವ ಹೊರಬರಲು ಡ್ರೈನ್ ಎಂಬ ಕೊಳವೆ ಇಟ್ಟೆವು. ಪೂರ್ತಿ ತೆಗೆಯಲಾಗಲಿಲ್ಲವೆಂದು, ಪಿತ್ತ ಸೋರಬಹುದೆಂದು ಮನೆಯವರಿಗೆ ಅಂದೇ ಬಿಡಿಸಿ ಹೇಳಿದೆ.

ಮೊದಲ ದಿನ ಡ್ರೈನಿನಲ್ಲಿ ತಿಳಿಗೆಂಪು ನೀರು. ಎರಡನೇ ದಿನ ಹಳದಿ ಛಾಯೆ ಕಂಡು ಎದೆ ಧಸಕ್ಕೆಂದಿತು. ಸಂಜೆಯೊಳಗೆ ಮೂರು ಸಲ ಹೋಗಿ ನೋಡಿದೆ. ಜ್ವರವಿಲ್ಲ, ಹೊಟ್ಟೆ ಮೆತ್ತಗೇ ಇತ್ತು. ನಾಲ್ಕನೆಯ ದಿನ ನೀರು ತಿಳಿಯಾಯಿತು. ಐದನೆಯ ಬೆಳಿಗ್ಗೆ ಡ್ರೈನ್ ತೆಗೆಯುತ್ತಿದ್ದಾಗ ಆ ತಾಯಿ, "ರಾತ್ರಿ ಒಂದು ಸಲವೂ ಏಳಲಿಲ್ಲ ಡಾಕ್ಟ್ರೇ" ಎಂದರು.